ಕಾಡಿನ ಕಡತಗಳು

ಮಂಡ್ಯ ಜಿಲ್ಲೆಯ ಹೊಸಹೊಳಲಿನ ಸುತ್ತಲ ಸೀಮೆಯಲ್ಲಿ ರಾಷ್ಟ್ರೀಯ ಉದ್ಯಾನವಿಲ್ಲದಿದ್ದರೂ, 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ ಮೈಸೂರು ಸಂಸ್ಥಾನ ರಕ್ಷಣೆ ನೀಡಿದ ಶ್ರೀರಂಗಪಟ್ಟಣದ ರಂಗನತಿಟ್ಟು, ತೋಳಗಳಿಗಾಗಿ 1974ರಲ್ಲಿ ಘೋಷಣೆಯಾದ ಮೇಲುಕೋಟೆ ಅಭಯಾರಣ್ಯ, ನಾಗಮಂಗಲದ ಆದಿಚುಂಚನಗಿರಿ ನವಿಲುಧಾಮ ಈ ಮೂರೂ ಇಲ್ಲಿವೆ. ಇವುಗಳ ಎಲ್ಲೆ, ಆಡಳಿತ ಮತ್ತು ಸುತ್ತಲ ಊರುಗಳ ಹಕ್ಕುಗಳೆಲ್ಲ ನಿಂತಿರುವುದು ಅರಣ್ಯ ಇಲಾಖೆಯ ಹಳೆಯ ಕಡತಗಳ ಮೇಲೆ.

ಈ ಕಡತಗಳಲ್ಲಿ ಮೊದಲನೆಯದು ಅಧಿಸೂಚನೆ, ಅಂದರೆ ರಾಜ್ಯಪತ್ರದಲ್ಲಿ ಪ್ರಕಟವಾಗುವ ಘೋಷಣೆ. ಅದರ ಅನುಸೂಚಿಯಲ್ಲಿ ಕಾಡಿನ ಚಕ್ಕುಬಂದಿ ಇರುತ್ತದೆ: ಎಲ್ಲೆಯು ಯಾವ ಬಾಂದುಕಲ್ಲಿನಿಂದ ಹೊರಟು, ಯಾವ ಹಳ್ಳದ ದಂಡೆ ಹಿಡಿದು, ಯಾವ ಗ್ರಾಮದ ಯಾವ ಸರ್ವೆ ನಂಬರನ್ನು ಬಲಕ್ಕೆ ಬಿಟ್ಟು ಸಾಗುತ್ತದೆಂಬ ವಿವರ. ಹಳ್ಳ ಪಾತ್ರ ಬದಲಿಸಿ, ಕಲ್ಲು ಮಣ್ಣಿನಲ್ಲಿ ಹೂತುಹೋದ ಮೇಲೆ ರೈತನ ಪಹಣಿಗೂ ಇಲಾಖೆಯ ನಕ್ಷೆಗೂ ತಾಳೆಯಾಗದಿದ್ದರೆ, ವ್ಯಾಜ್ಯ ಬಗೆಹರಿಸಲು ಮರಳಿ ಈ ಹಾಳೆಯನ್ನೇ ನೋಡಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯದಲ್ಲಿ ಕೆಲವು ಹಕ್ಕುಗಳನ್ನು ಮುಂದುವರಿಸಲು ಅವಕಾಶವಿದ್ದು, ರಾಷ್ಟ್ರೀಯ ಉದ್ಯಾನದಲ್ಲಿ ದನ ಮೇಯಿಸುವುದಕ್ಕೂ ನಿಷೇಧವಿರುವುದರಿಂದ, ಹಕ್ಕುಗಳ ವಿಚಾರಣೆಯ ಕಡತ ಅಧಿಸೂಚನೆಯಷ್ಟೇ ಮುಖ್ಯವಾದುದು.

ಎರಡನೆಯದು ಕಾರ್ಯಯೋಜನೆ: ಯಾವ ಭಾಗದಲ್ಲಿ ಮರ ಕಡಿಯಬೇಕು, ಎಲ್ಲಿ ನೆಡುತೋಪು ಬೆಳೆಸಬೇಕು, ಬೆಂಕಿರೇಖೆ ಎಲ್ಲಿ ಎಳೆಯಬೇಕು ಎಂಬುದನ್ನು ವರ್ಷಗಳ ಮುಂಚೆಯೇ ನಿಗದಿಪಡಿಸುವ ದಾಖಲೆ. 1941ರಲ್ಲಿ ವೇಣುಗೋಪಾಲ ವನ್ಯಜೀವಿ ಉದ್ಯಾನವಾಗಿ ರೂಪುಗೊಂಡು 1973ರಲ್ಲಿ ಹುಲಿ ಯೋಜನೆಗೆ ಸೇರಿದ ಬಂಡೀಪುರದಲ್ಲಾಗಲಿ, ತೇಗದ ತೋಪುಗಳಿರುವ ನಾಗರಹೊಳೆಯಲ್ಲಾಗಲಿ, ಇಂದಿನ ಲಂಟಾನ ಪೊದೆಗಳ ಹಿನ್ನೆಲೆ ಅರಿಯಲು ಹಿಂದೆ ಎಲ್ಲಿ ಮರ ಕಡಿದರು, ಎಲ್ಲಿ ಬೆಂಕಿ ಬಿತ್ತೆಂಬ ಬರಹವೇ ಆಧಾರ.

ಈ ಕಾಗದಗಳು ಕಾಡಿನ ಪರವಾಗಿ ಮಾತ್ರವಲ್ಲದೆ ಕಾಡಿನ ಜನರ ಪರವಾಗಿಯೂ ಸಾಕ್ಷಿ ನುಡಿಯುತ್ತವೆ ಎಂಬುದು ಬಹಳ ಜನರಿಗೆ ತಿಳಿದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ರಚಿತವಾದ ನಿಯಮಗಳು ಗೆಜೆಟಿಯರ್, ಕಾರ್ಯಯೋಜನೆ, ನಿರ್ವಹಣಾ ಯೋಜನೆ, ಅರಣ್ಯ ವಿಚಾರಣಾ ವರದಿಗಳನ್ನು ಪುರಾವೆಗಳೆಂದು ಹೆಸರಿಸಿಯೇ ಒಪ್ಪಿವೆ. ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದಿನ 75 ವರ್ಷಗಳ ವಾಸವನ್ನು, ಎಂದರೆ 1930ರಿಂದ ಈಚಿನದನ್ನು ತೋರಿಸಬೇಕಾಗಿರುವುದರಿಂದ, ಸಂಸ್ಥಾನದ ಕಾಲದ ಒಂದು ಮೇವಿನ ಪರವಾನಗಿಯೋ ಹಾಡಿಯ ಹೆಸರಿರುವ ನಕ್ಷೆಯೋ ಒಂದು ಕುಟುಂಬದ ನೆಲೆಯನ್ನು ಉಳಿಸಬಲ್ಲದು. ಅಂಥ ಹಾಳೆಯನ್ನು ಗೆದ್ದಲಿಗೆ ಬಿಡುವುದು ಬಡವರಿಗೆ ಮಾಡುವ ನೇರ ಅನ್ಯಾಯ.

ಸಂಸ್ಥಾನದ ಹಲವು ಕಡತಗಳನ್ನು ರಾಜ್ಯ ಪತ್ರಾಗಾರ ಕಾಪಾಡಿಕೊಂಡು ಬಂದಿದೆ. ದಾಖಲೆಗಳನ್ನು ಪಟ್ಟಿ ಮಾಡಿ, ಸುಲಭವಾಗಿ ಸಿಗುವಂತೆ ಇಡುವುದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಪ್ರಕರಣದಂತೆ ಪ್ರತಿಯೊಂದು ಕಚೇರಿಯ ಕರ್ತವ್ಯ. ಅರಣ್ಯ ವಿಭಾಗಗಳು ತಮ್ಮ ದಾಖಲೆ ಕೊಠಡಿಗಳ ಕಡತಪಟ್ಟಿಯನ್ನು ಕನ್ನಡದಲ್ಲಿ ಪ್ರಕಟಿಸಿ, ಅದರ ಒಂದು ಪ್ರತಿಯನ್ನು ಕಾಡಂಚಿನ ಗ್ರಾಮ ಪಂಚಾಯಿತಿಗಳಿಗೆ ಕಳುಹಿಸಬೇಕು.