ಕೀಟೋ: ಮೊದಲ ವಾರ ಕರಗಿದ್ದು ಕೊಬ್ಬಲ್ಲ

"ಒಂದೇ ವಾರದಲ್ಲಿ ಮೂರು ಕೆ.ಜಿ. ಕೊಬ್ಬು ಕರಗಿಹೋಯ್ತು!" ಕೀಟೋ ಡಯಟ್ ಹಿಡಿದವರು ಖುಷಿಯಿಂದ ಹೇಳುವ ಮಾತಿದು. ತೂಕ ಇಳಿದದ್ದು ನಿಜವೇ. ಆದರೆ ಕರಗಿದ್ದು ಕೊಬ್ಬು ಎಂಬುದು ಲೆಕ್ಕಕ್ಕೆ ನಿಲ್ಲುವುದಿಲ್ಲ. ಮೈಯಲ್ಲಿ ಕೂಡಿದ ಒಂದು ಕೆ.ಜಿ. ಕೊಬ್ಬು ಖರ್ಚಾಗಬೇಕಾದರೆ ಸುಮಾರು 7,700 ಕ್ಯಾಲೊರಿಯ ಕೊರತೆ ಬೀಳಬೇಕು. ಮೂರು ಕೆ.ಜಿ.ಗೆ 23,000. ಏಳು ದಿನಕ್ಕೆ ಹಂಚಿದರೆ ದಿನಕ್ಕೆ 3,300. ಕೂತು ಕೆಲಸ ಮಾಡುವವರ ದೇಹ ಇಡೀ ದಿನ ಖರ್ಚು ಮಾಡುವುದೇ 2,000 ಕ್ಯಾಲೊರಿಯ ಆಸುಪಾಸು. ಬರೀ ನೀರು ಕುಡಿದು ಉಪವಾಸವಿದ್ದರೂ ವಾರದಲ್ಲಿ ಅಷ್ಟು ಕೊಬ್ಬು ಕರಗದು.

ಹಾಗಾದರೆ ಹೋದದ್ದೇನು? ಬಹುಪಾಲು ನೀರು. ಅನ್ನ, ಚಪಾತಿಯಿಂದ ಸಿಕ್ಕ ಗ್ಲೂಕೋಸಿನಲ್ಲಿ ಒಂದಷ್ಟನ್ನು ದೇಹ ಗ್ಲೈಕೋಜನ್ ಆಗಿ ಮಾರ್ಪಡಿಸಿ ಲಿವರ್ ಮತ್ತು ಸ್ನಾಯುಗಳಲ್ಲಿ ಇಟ್ಟುಕೊಳ್ಳುತ್ತದೆ. ದೊಡ್ಡವರಲ್ಲಿ ಇದು ಹೆಚ್ಚುಕಡಿಮೆ ಅರ್ಧ ಕೆ.ಜಿ. ಒಂದೊಂದು ಗ್ರಾಂ ಗ್ಲೈಕೋಜನ್ ತನ್ನ ಜೊತೆ ಮೂರು ಗ್ರಾಂನಷ್ಟು ನೀರನ್ನೂ ಹಿಡಿದಿರುತ್ತದೆ. ಕೀಟೋದಲ್ಲಿ ಕಾರ್ಬೋಹೈಡ್ರೇಟ್ ದಿನಕ್ಕೆ 20ರಿಂದ 50 ಗ್ರಾಂಗೆ ಇಳಿಯುವುದರಿಂದ ಮೊದಲು ಈ ದಾಸ್ತಾನು ಬರಿದಾಗುತ್ತದೆ. ಇನ್ಸುಲಿನ್ ಮಟ್ಟ ತಗ್ಗಿದಾಗ ಮೂತ್ರಪಿಂಡಗಳು ಉಪ್ಪನ್ನು ಹೆಚ್ಚಾಗಿ ಹೊರಹಾಕುತ್ತವೆ, ಉಪ್ಪಿನ ಹಿಂದೆ ನೀರೂ ಹೋಗುತ್ತದೆ. ಮೊದಲ ದಿನಗಳ ತಲೆನೋವು, ಸುಸ್ತು, ತಲೆಸುತ್ತನ್ನು "ಕೊಬ್ಬು ಕರಗುತ್ತಿರುವ ಲಕ್ಷಣ" ಎಂದು ಹಲ್ಲುಕಚ್ಚಿ ಸಹಿಸುವವರಿದ್ದಾರೆ. ಅದಕ್ಕೆ ಮುಖ್ಯ ಕಾರಣ ಈ ಉಪ್ಪು, ನೀರಿನ ನಷ್ಟ. ಬಿ.ಪಿ. ಮಾತ್ರೆ ನುಂಗುತ್ತಿರುವವರಿಗೆ ಒತ್ತಡ ಇನ್ನಷ್ಟು ಕುಸಿಯಬಹುದು.

ಇದೇ ಲೆಕ್ಕ ತಿರುಗಿಯೂ ನಡೆಯುತ್ತದೆ. ಒಂದು ಮದುವೆ ಮನೆಯಲ್ಲಿ ಹೊಟ್ಟೆತುಂಬ ಉಂಡು ಬಂದ ಮೇಲೆ ಎರಡು ಕೆ.ಜಿ. ಏರಿದರೆ, ಅದೂ ಹೆಚ್ಚಾಗಿ ನೀರೇ. "ಎಲ್ಲ ವ್ಯರ್ಥವಾಯಿತು" ಎಂದು ಆ ದಿನವೇ ಎಲ್ಲವನ್ನೂ ಕೈಬಿಡುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ನಮ್ಮಲ್ಲಿ ಬಲವಾಗಿ ಬೇರೂರಿದ ಇನ್ನೊಂದು ನಂಬಿಕೆ: "ಅನ್ನ ಬಿಟ್ಟು ಮುದ್ದೆ ಉಂಡರೆ ಕೀಟೋ ಆದಂತೆಯೇ." ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬೋಹೈಡ್ರೇಟ್ ಇದ್ದರೆ, ಅಷ್ಟೇ ರಾಗಿಯಲ್ಲಿ 70 ಗ್ರಾಂ ಹತ್ತಿರ. ನೂರು ಗ್ರಾಂ ಹಿಟ್ಟಿನ ಒಂದು ಮುದ್ದೆ ನುಂಗಿದರೆ ಕೀಟೋದ ಇಡೀ ದಿನದ ಮಿತಿ ದಾಟಿತು. ತೊಗರಿಬೇಳೆ, ಹುರುಳಿ, ಕಡಲೆಯಲ್ಲೂ ಅರ್ಧಕ್ಕಿಂತ ಹೆಚ್ಚು ಕಾರ್ಬೋಹೈಡ್ರೇಟೇ. ಉಪವಾಸದ ದಿನದ ಸಬ್ಬಕ್ಕಿಯಂತೂ ಬಹುತೇಕ ಶುದ್ಧ ಪಿಷ್ಟ. ಹಾಗೆಂದು ರಾಗಿಯನ್ನು ದೂರಬೇಕಿಲ್ಲ. ಅದರಲ್ಲಿ ನಾರು ಹೆಚ್ಚು, ನೂರು ಗ್ರಾಂಗೆ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಅದು ಲೆಕ್ಕಕ್ಕೇ ಸಿಗದಷ್ಟು. ಆದರೆ ಎರಡು ಮುದ್ದೆಯ ಜೊತೆ ಮೇಲಷ್ಟು ಅನ್ನವನ್ನೂ ಉಂಡರೆ ತೂಕ ಇಳಿಯುವ ದಾರಿ ಇಲ್ಲ. 2025ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ಭಾರತೀಯರ ಕ್ಯಾಲೊರಿಯಲ್ಲಿ ಶೇ. 62ರಷ್ಟು ಕಾರ್ಬೋಹೈಡ್ರೇಟಿನಿಂದಲೇ ಬರುತ್ತದೆ. ಒಟ್ಟು ಪ್ರಮಾಣ ತಗ್ಗಿಸದೆ ಬರೀ ಅಕ್ಕಿಯ ಜಾಗಕ್ಕೆ ಗೋಧಿಯನ್ನೋ ಸಿರಿಧಾನ್ಯವನ್ನೋ ತಂದರೆ ಮಧುಮೇಹದ ಅಪಾಯ ಇಳಿಯುವುದು ಅದರಲ್ಲಿ ಕಂಡುಬರಲಿಲ್ಲ. ನನ್ನ ಮಟ್ಟಿಗೆ ನಮ್ಮ ಮನೆಗಳಿಗೆ ಕೀಟೋಗಿಂತ ಹೆಚ್ಚು ಬೇಕಾದ ಮಾಹಿತಿ ಇದು. ತಟ್ಟೆಯಲ್ಲಿ ಅನ್ನ, ಮುದ್ದೆ ಅರ್ಧವಾಗಿ, ಕಾಳು, ಸೊಪ್ಪು, ಮೊಟ್ಟೆ, ಮೊಸರು ಹೆಚ್ಚಿದರೆ ವರ್ಷಗಟ್ಟಲೆ ನಡೆಸಿಕೊಂಡು ಹೋಗಬಹುದು.

"ಅನ್ನ ಮುಟ್ಟದಿದ್ದರೆ ಸಾಕು, ತುಪ್ಪ ಎಷ್ಟಾದರೂ ತಿನ್ನಬಹುದು" ಎನ್ನುವವರೂ ಇದ್ದಾರೆ. ಕಾರ್ಬೋಹೈಡ್ರೇಟ್ ಗ್ರಾಂಗೆ 4 ಕ್ಯಾಲೊರಿ ಕೊಟ್ಟರೆ ಕೊಬ್ಬು 9 ಕೊಡುತ್ತದೆ. ಕೀಟೋದಲ್ಲಿ ತೂಕ ಇಳಿಯುವುದಕ್ಕೆ ಮುಖ್ಯ ಕಾರಣ ಹಸಿವು ತಗ್ಗಿ, ತಿನ್ನುವ ಪದಾರ್ಥಗಳೇ ಕಡಿಮೆಯಾಗಿ, ಒಟ್ಟು ಊಟ ಕುಗ್ಗುವುದು. ಸ್ಟ್ಯಾನ್‌ಫರ್ಡ್‌ನ ಕ್ರಿಸ್ಟೋಫರ್ ಗಾರ್ಡ್ನರ್ ತಂಡ 609 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕೊಬ್ಬು ಕಡಿಮೆ, ಇನ್ನೊಂದಕ್ಕೆ ಕಾರ್ಬೋಹೈಡ್ರೇಟ್ ಕಡಿಮೆ ಇರುವ ಆಹಾರ ಸೂಚಿಸಿ ಒಂದು ವರ್ಷ ಗಮನಿಸಿತು. 2018ರ ವರದಿಯಂತೆ ಸರಾಸರಿ ಇಳಿಕೆ 5.3 ಕೆ.ಜಿ. ಮತ್ತು 6 ಕೆ.ಜಿ. ಗಣನೀಯ ವ್ಯತ್ಯಾಸವೇನಿಲ್ಲ. ಅದು ಕಟ್ಟುನಿಟ್ಟಿನ ಕೀಟೋ ಅಲ್ಲ ಎಂಬುದನ್ನೂ ಹೇಳಬೇಕು. ಆದರೂ ಅನ್ನವೊಂದೇ ಶತ್ರು ಎಂಬ ಮಾತಿಗೆ ಅದರಿಂದ ಬಲ ಸಿಗುವುದಿಲ್ಲ.

ಕೀಟೋ ಹುಟ್ಟಿದ್ದು ತೂಕಕ್ಕಾಗಿಯೂ ಅಲ್ಲ. 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ರಸೆಲ್ ವೈಲ್ಡರ್ ಮೂರ್ಛೆರೋಗಕ್ಕೆಂದು ಇದನ್ನು ಸೂಚಿಸಿದರು. ಔಷಧಕ್ಕೆ ಬಗ್ಗದ ಮಕ್ಕಳ ಮೂರ್ಛೆಗೆ ಇಂದಿಗೂ ವೈದ್ಯರು ಇದನ್ನು ಬಳಸುತ್ತಾರೆ, ಆದರೆ ರಕ್ತಪರೀಕ್ಷೆ ಮಾಡಿಸುತ್ತ, ಕಿಡ್ನಿ ಕಲ್ಲಿನ ಬಗ್ಗೆ ಕಣ್ಣಿಟ್ಟು.

ನನಗೆ ಭಯವಿರುವುದು ಕೊನೆಯ ನಂಬಿಕೆಯ ಬಗ್ಗೆ: "ಶುಗರ್ ಇದ್ದವರಿಗೆ ಇದಕ್ಕಿಂತ ಒಳ್ಳೆಯದಿಲ್ಲ, ಯಾರನ್ನೂ ಕೇಳಬೇಕಿಲ್ಲ." ಕಾರ್ಬೋಹೈಡ್ರೇಟ್ ತಗ್ಗಿಸಿದರೆ ರಕ್ತದ ಸಕ್ಕರೆ ಇಳಿಯುತ್ತದೆ, ನಿಜ. ಆದರೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ಹಳೆಯ ಪ್ರಮಾಣದಲ್ಲೇ ಮುಂದುವರಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಗಳಲ್ಲಿ ಕೊಬ್ಬು ಒಡೆದಾಗ ಹುಟ್ಟುವ ಕೀಟೋನ್ ವಿಪರೀತ ಏರಿ ರಕ್ತ ಆಮ್ಲೀಯವಾಗುವ ಅಪಾಯವಿದೆ ಎಂದು ಅಮೆರಿಕದ ಎಫ್‌ಡಿಎ 2015ರಲ್ಲೇ ಎಚ್ಚರಿಸಿದೆ. ಕೀಟೋ ಆ ಅಪಾಯವನ್ನು ಹೆಚ್ಚಿಸುತ್ತದೆ. ಆಗ ಗ್ಲೂಕೋಮೀಟರಿನಲ್ಲಿ ಸಕ್ಕರೆ ಅಷ್ಟೇನೂ ಏರದೆಯೂ ಇರಬಹುದು. ಆದ್ದರಿಂದ ಡಯಟ್ ಶುರು ಮಾಡುವ ಮೊದಲೇ ಮಾತ್ರೆಯ ಚೀಟಿ ಹಿಡಿದು ವೈದ್ಯರನ್ನು ಕಾಣಿ. ಶುರು ಮಾಡಿದ ಮೇಲೆ ವಾಂತಿ, ಹೊಟ್ಟೆನೋವು, ಏದುಸಿರು ಕಾಣಿಸಿಕೊಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ. ಕೀಟೋದಲ್ಲಿದ್ದೇನೆ ಎಂದು ತಿಳಿಸಿ, ಮಾತ್ರೆಯ ಹೆಸರು ಹೇಳಿ, ಕೀಟೋನ್ ಪರೀಕ್ಷೆ ಮಾಡಿಸಿ ಎಂದು ಕೇಳಿ.