ಮೆಕ್ಕೆಜೋಳವೂ ಸುಣ್ಣದ ನೀರೂ: ಅಮೆರಿಕದ ದಕ್ಷಿಣ ಸಂಸ್ಥಾನಗಳ ಅಡುಗೆಯಿಂದ ಒಂದು ಚರಿತ್ರೆಯ ಪಾಠ

ಚರಿತ್ರೆಯ ಆಕರಗಳೆಂದೊಡನೆ ಶಾಸನ, ನಾಣ್ಯ, ಕಡತಗಳು ನಮ್ಮ ಕಣ್ಣಮುಂದೆ ನಿಲ್ಲುತ್ತವೆ; ಅಡುಗೆಯ ಒಲೆಯನ್ನು ಆ ಸಾಲಿಗೆ ಸೇರಿಸುವವರು ವಿರಳ. ಆದರೆ ಒಂದು ಜನಸಮುದಾಯವು ತನ್ನ ಮುಖ್ಯ ಧಾನ್ಯವನ್ನು ಹೇಗೆ ಬೇಯಿಸಿತೆಂಬುದು ಕೆಲವೊಮ್ಮೆ ಅದರ ಸಾವುಬದುಕಿನ ಪ್ರಶ್ನೆಯೇ ಆಗಿರುತ್ತದೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳ ದಕ್ಷಿಣ ಭಾಗದ ಮೆಕ್ಕೆಜೋಳದ ಅಡುಗೆ ಇದಕ್ಕೆ ನಿದರ್ಶನ. ಅದನ್ನು ಮನೆಯಲ್ಲಿ ಮಾಡುವ ಕ್ರಮವನ್ನೂ ಅದರ ಹಿಂದಿನ ಚರಿತ್ರೆಯನ್ನೂ ಇಲ್ಲಿ ಒಟ್ಟಿಗೆ ವಿವರಿಸಲು ಯತ್ನಿಸಿದೆ.

ಈ ಅಡುಗೆಯಲ್ಲಿ ಮುಖ್ಯವಾದವು ಮೂರು: ಸಿಪ್ಪೆ ಕಳೆದ ಇಡಿಯ ಕಾಳಾದ ಹಾಮಿನಿ, ನುಚ್ಚಿನ ಅಂಬಲಿಯಂತಹ ಗ್ರಿಟ್ಸ್, ಹಿಟ್ಟಿನಿಂದ ಮಾಡುವ ಕಾರ್ನ್‌ಬ್ರೆಡ್. ಹಾಮಿನಿ ಎಂಬ ಶಬ್ದವೇ ವರ್ಜೀನಿಯದ ಮೂಲನಿವಾಸಿಗಳ ಆಲ್ಗಾಂಕ್ವಿಯನ್ ಭಾಷೆಯಿಂದ ಬಂದುದು. ವಲಸೆ ಬಂದ ಆಂಗ್ಲರು ಧಾನ್ಯವನ್ನೂ ಹೆಸರನ್ನೂ ಪಾಕಕ್ರಮವನ್ನೂ ಆ ಜನರಿಂದಲೇ ಪಡೆದರು.

ಹಾಮಿನಿಯನ್ನು ಮಾಡಲು ಒಣಗಿದ ಮೆಕ್ಕೆಜೋಳ 500 ಗ್ರಾಂ, ಖಾದ್ಯಯೋಗ್ಯವಾದ ಅರಳಿದ ಸುಣ್ಣ 5 ಗ್ರಾಂ, ನೀರು ಒಂದೂವರೆ ಲೀಟರ್ ಬೇಕು. ಸುಣ್ಣವು ಅಲ್ಯುಮಿನಿಯಮ್ಮನ್ನು ತಿನ್ನುವುದರಿಂದ ಉಕ್ಕಿನ ಪಾತ್ರೆಯನ್ನೇ ಬಳಸಬೇಕು. ಸುಣ್ಣವನ್ನು ನೀರಿನಲ್ಲಿ ಕದಡಿ, ಕಾಳು ಹಾಕಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಿ, ರಾತ್ರಿಯೆಲ್ಲ ನೆನೆಯಲು ಬಿಡಬೇಕು. ಬೆಳಗ್ಗೆ ಕಾಳನ್ನು ಅಂಗೈಯಲ್ಲಿ ಉಜ್ಜಿದರೆ ಸಿಪ್ಪೆ ಲೋಳೆಯಾಗಿ ಜಾರುತ್ತದೆ. ನಾಲ್ಕಾರು ಬಾರಿ ತೊಳೆದು, ಹೊಸ ನೀರಿನಲ್ಲಿ ಮೆತ್ತಗಾಗುವವರೆಗೆ ಮತ್ತೆ ಬೇಯಿಸಬೇಕು. ಈ ಲೇಖಕನು ಮೊದಲ ಸಲ ಸುಣ್ಣದ ಅಗತ್ಯವೇನೆಂದು ಅದನ್ನು ಬಿಟ್ಟು ಬೇಯಿಸಿದಾಗ, ಮೂರು ಗಂಟೆ ಕಳೆದರೂ ಸಿಪ್ಪೆ ಕಾಳಿಗೆ ಅಂಟಿಕೊಂಡೇ ಇತ್ತು. ಹಿಂದೆ ಈ ಕೆಲಸಕ್ಕೆ ಕಟ್ಟಿಗೆಯ ಬೂದಿಯಿಂದ ಬಸಿದ ಕ್ಷಾರಜಲವೇ ಸಾಧನವಾಗಿತ್ತು.

ಗ್ರಿಟ್ಸ್‌ಗೆ ಒಂದು ಅಳತೆ ನುಚ್ಚಿಗೆ ನಾಲ್ಕು ಅಳತೆ ನೀರು, ಬೇಕಾದಷ್ಟು ಉಪ್ಪು. ಗಂಟುಕಟ್ಟದಂತೆ ತಿರುವುತ್ತ 40 ನಿಮಿಷವಾದರೂ ಬೇಯಿಸಿ ಬೆಣ್ಣೆ ಸೇರಿಸುತ್ತಾರೆ. ನಮ್ಮ ನುಚ್ಚು ಮಾಡಬಲ್ಲವರಿಗೆ ಇದು ಹೊಸ ವಿದ್ಯೆಯಲ್ಲ. ಕಾರ್ನ್‌ಬ್ರೆಡ್ಡಿಗೆ ಎರಡು ಬಟ್ಟಲು ತರಿಹಿಟ್ಟು, ಒಂದೂವರೆ ಬಟ್ಟಲು ಗಟ್ಟಿಯಾದ ಹುಳಿ ಮಜ್ಜಿಗೆ, ಒಂದು ಮೊಟ್ಟೆ, ಅರ್ಧ ಚಮಚ ಅಡುಗೆ ಸೋಡ, ಉಪ್ಪು. ಕೊಬ್ಬನ್ನು ಸವರಿ ಚೆನ್ನಾಗಿ ಕಾಯಿಸಿದ ಎರಕದ ಕಬ್ಬಿಣದ ಬಾಣಲೆಗೆ ಹಿಟ್ಟನ್ನು ಸುರಿದು, ಒಲೆಗೂಡಿನಲ್ಲಿ ಸುಮಾರು 220 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 20ರಿಂದ 25 ನಿಮಿಷ ಸುಡಬೇಕು. ಮಜ್ಜಿಗೆಯ ಹುಳಿಯೂ ಸೋಡವೂ ಕೂಡಿದಾಗ ಹುಟ್ಟುವ ಅನಿಲ ರೊಟ್ಟಿಯನ್ನು ಉಬ್ಬಿಸುತ್ತದೆ. ಸಕ್ಕರೆಯನ್ನೂ ಗೋಧಿಹಿಟ್ಟನ್ನೂ ಸಂಪ್ರದಾಯಸ್ಥರು ಒಪ್ಪುವುದಿಲ್ಲ.

ಈ ಅಡುಗೆಯನ್ನು ಬೆಳೆಸಿ ಉಳಿಸಿದವರಲ್ಲಿ ಗುಲಾಮಗಿರಿಗೆ ಸಿಕ್ಕಿದ ಆಫ್ರಿಕನ್ ಸ್ತ್ರೀಯರ ಪಾಲು ದೊಡ್ಡದು. ಆದರೆ ಬರಹದ ದಾಖಲೆಯಲ್ಲಿ ಅವರು ಕಾಣುವುದು ಅಪರೂಪ. ಗುಲಾಮಳಾಗಿ ಹುಟ್ಟಿದ ಆಬಿ ಫಿಷರ್ 1881ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪಾಕಗ್ರಂಥವೊಂದನ್ನು ಪ್ರಕಟಿಸಿದಳು. ಅವಳಿಗೆ ಓದುಬರಹ ಬರುತ್ತಿರಲಿಲ್ಲ. ಅವಳು ಹೇಳಿದಂತೆ ಇತರರು ಬರೆದುಕೊಂಡರು. ಅಡುಗೆಯ ಅರಿವು ಬಹುತೇಕ ಕೈಯಿಂದ ಕೈಗೆ ಸಾಗುವಂಥದು. ಕೈ ತಪ್ಪಿದರೆ ಅರಿವೂ ತಪ್ಪುತ್ತದೆ.

ಹಾಗೆ ತಪ್ಪಿದುದರ ಫಲವು ಘೋರವಾಯಿತು. ನಿತ್ಯದ ರೊಟ್ಟಿಗೆ ಕ್ಷಾರಸಂಸ್ಕಾರವಿಲ್ಲದ, ಗಿರಣಿಯಲ್ಲಿ ಬೀಸಿದ ಹಿಟ್ಟೇ ರೂಢಿಯಾಗಿತ್ತು. 20ನೆಯ ಶತಮಾನದ ಆರಂಭದಲ್ಲಿ ಯಂತ್ರಗಳು ಕಾಳಿನ ಮೊಳಕೆಯ ಭಾಗವನ್ನೂ ಬೇರ್ಪಡಿಸತೊಡಗಿದವು. ಹತ್ತಿಯ ಹೊಲಗಳ ಬಡವರಿಗೆ ಈ ಹಿಟ್ಟು, ಹಂದಿಯ ಕೊಬ್ಬು, ಕಾಕಂಬಿಗಳೇ ಆಹಾರ. 1906ರಿಂದ 1940ರವರೆಗೆ ಪೆಲಾಗ್ರ ಎಂಬ ರೋಗ ಸುಮಾರು 30 ಲಕ್ಷ ಜನರನ್ನು ಪೀಡಿಸಿ, ಸುಮಾರು 1 ಲಕ್ಷ ಜನರನ್ನು ಬಲಿತೆಗೆದುಕೊಂಡಿತೆಂದು ಅಂದಾಜು. ಚರ್ಮ ಸುಲಿಯುವುದು, ಭೇದಿ, ಬುದ್ಧಿಭ್ರಮಣೆ ಅದರ ಲಕ್ಷಣಗಳು. ಅದು ಸೋಂಕುರೋಗವೆಂದೇ ಅನೇಕ ವೈದ್ಯರು ನಂಬಿದ್ದರು. 1915ರಲ್ಲಿ ಜೋಸೆಫ್ ಗೋಲ್ಡ್‌ಬರ್ಗರ್ ಮಿಸಿಸಿಪಿಯ ರ‍್ಯಾಂಕಿನ್ ಸೆರೆಮನೆಯಲ್ಲಿ, ಕ್ಷಮಾದಾನದ ಆಶ್ವಾಸನೆ ಪಡೆದು ಒಪ್ಪಿದ 11 ಕೈದಿಗಳಿಗೆ ಇಂತಹ ಆಹಾರವನ್ನಷ್ಟೇ ಕೊಟ್ಟಾಗ, ಆರು ಜನರಲ್ಲಿ ರೋಗ ಕಾಣಿಸಿತು. 1937ರಲ್ಲಿ ಕಾನ್ರಾಡ್ ಎಲ್ವೆಜೆಮ್ ಕೊರತೆಯ ಅಂಶ ನಿಕೋಟಿನಿಕ್ ಆಮ್ಲ, ಅಂದರೆ ನಿಯಾಸಿನ್, ಎಂದು ತೋರಿಸಿದನು.

ಮೆಕ್ಕೆಜೋಳದಲ್ಲಿ ನಿಯಾಸಿನ್ ಇಲ್ಲದೆ ಇಲ್ಲ. ಆದರೆ ಅದು ಜೀರ್ಣಾಂಗಗಳಿಗೆ ದೊರೆಯದಂತೆ ಬಂಧಿತವಾಗಿರುತ್ತದೆ. ಸುಣ್ಣ ಅಥವಾ ಬೂದಿಯ ಕ್ಷಾರವು ಆ ಬಂಧನವನ್ನು ಬಿಡಿಸುತ್ತದೆ. ಈ ಕ್ರಮವನ್ನು ಸಾವಿರಾರು ವರ್ಷಗಳಿಂದ ಪಾಲಿಸಿದ ಮೆಕ್ಸಿಕೋದ ಜನರು ಮೆಕ್ಕೆಜೋಳವನ್ನೇ ಮುಖ್ಯವಾಗಿ ಉಂಡರೂ ಪೆಲಾಗ್ರಕ್ಕೆ ಅಷ್ಟಾಗಿ ತುತ್ತಾಗಲಿಲ್ಲ. ಕಾಳನ್ನು ಮಾತ್ರ ಒಯ್ದು ಕ್ರಮವನ್ನು ಬಿಟ್ಟ ಸ್ಪೇನ್ ಮತ್ತು ಉತ್ತರ ಇಟಲಿಗಳು 18ನೆಯ ಶತಮಾನದಲ್ಲಿಯೇ ಈ ರೋಗವನ್ನು ಕಂಡಿದ್ದವು.

ಈ ವಿಷಯ ನಮಗೆ ತೀರ ದೂರದ್ದಲ್ಲ. ಜೋಳವನ್ನೇ ನಂಬಿದ ದಖ್ಖಣದ ಬಡವರಲ್ಲಿಯೂ ಪೆಲಾಗ್ರ ಕಂಡುಬಂದುದನ್ನು ಹೈದರಾಬಾದಿನ ಸಂಶೋಧಕರಾದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ 1960ರಲ್ಲಿ ಚರ್ಚಿಸಿದರು. ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಕಾರಣವಿರಬಹುದೆಂಬುದು ಅವರ ಊಹೆ. ಅದು ಮುಂದೆ ವಿವಾದಕ್ಕೊಳಗಾಯಿತು. ಬೇಳೆ, ಹಾಲು, ಸೊಪ್ಪುಗಳೊಡನೆ ಉಣ್ಣುವವರಿಗೆ ಜೋಳದಿಂದಾಗಲಿ ಮೆಕ್ಕೆಜೋಳದಿಂದಾಗಲಿ ಈ ಭಯವಿಲ್ಲ. ಎರಡೆಡೆಯೂ ರೋಗದ ಬೇರು ಬಡತನ. ತಟ್ಟೆಯಲ್ಲಿ ಒಂದೇ ಧಾನ್ಯವಿದ್ದಾಗ ಮಾತ್ರ ಪಾಕಕ್ರಮದ ಲೋಪ ಪ್ರಾಣಕ್ಕೆ ಎರವಾಗುತ್ತದೆ.

ಇಂದು ಅಂಗಡಿಯಲ್ಲಿ ಹಾಮಿನಿ ಗ್ರಿಟ್ಸ್ ಎಂದು ಮಾರುವ ನುಚ್ಚಿನಲ್ಲಿ ಬಹುಪಾಲು ಕ್ಷಾರವನ್ನು ಕಾಣದುದು. ಹೆಸರು ಉಳಿದಿದೆ, ಕ್ರಿಯೆ ಹೋಗಿದೆ. ಹೆಸರನ್ನಷ್ಟೇ ಕಡತದಲ್ಲಿ ಓದುವ ಚರಿತ್ರಕಾರನಿಗೆ ಈ ವ್ಯತ್ಯಾಸ ತಿಳಿಯುವುದು ಕಷ್ಟ. ಒಮ್ಮೆ ಕಾಳನ್ನು ಸುಣ್ಣದ ನೀರಿನಲ್ಲಿ ನೆನೆಸಿ, ಸಿಪ್ಪೆ ಉಜ್ಜಿ ತೊಳೆದ ವಿದ್ಯಾರ್ಥಿ ಅದನ್ನು ಮರೆಯಲಾರನು.