ವೇಳಾಂಗಣಿಗೆ ಹೊರಡುವ ಮುಂಚೆ ಡ್ರೈವರ್ ನಿದ್ದೆಯ ಲೆಕ್ಕ

ಆಗಸ್ಟ್ 29ಕ್ಕೆ ವೇಳಾಂಗಣಿಯಲ್ಲಿ ಧ್ವಜಾರೋಹಣ, ಸೆಪ್ಟೆಂಬರ್ 8ಕ್ಕೆ ಹಬ್ಬ. ಚಾಮರಾಜನಗರ, ಕೊಳ್ಳೇಗಾಲ ಕಡೆಯ ನಮ್ಮ ಧರ್ಮಕೇಂದ್ರಗಳಿಂದ ವ್ಯಾನು, ಟೆಂಪೋ ಟ್ರಾವೆಲರ್ ಮಾಡಿಕೊಂಡು ಹೊರಡುವ ಕುಟುಂಬಗಳು ಬಹಳ. ಜಪಸರ ಹೇಳಿಕೊಂಡೇ ಗಾಡಿ ಹತ್ತುತ್ತೇವೆ, ಸರಿ. ಆದರೆ "ಅಣ್ಣಾ, ನಿನ್ನೆ ರಾತ್ರಿ ಮಲಗಿದ್ರಾ?" ಎಂದು ಡ್ರೈವರನ್ನು ಕೇಳುವವರು ಎಷ್ಟು ಮಂದಿ?

ರಾತ್ರಿ 2ರಿಂದ ಬೆಳಗಿನ 6ರವರೆಗೆ ದೇಹ ತಾನಾಗಿಯೇ ನಿದ್ದೆ ಬೇಡುತ್ತದೆ. ಕಣ್ಣು ತೆರೆದಿದ್ದರೂ ಕೆಲವು ಕ್ಷಣ ಮಿದುಳು ಮಲಗಿಬಿಡಬಹುದು. 80 ಕಿ.ಮೀ. ವೇಗದಲ್ಲಿ 4 ಸೆಕೆಂಡು ಎಂದರೆ ಸುಮಾರು 90 ಮೀಟರು ಗಾಡಿ ಯಾರ ಕೈಯಲ್ಲೂ ಇಲ್ಲದೆ ಓಡಿದಂತೆ. ಟೀ, ಹಾಡು, ಮುಖಕ್ಕೆ ನೀರು, ಇವೆಲ್ಲಾ ಸ್ವಲ್ಪ ಹೊತ್ತು ಮಾತ್ರ. ನಿದ್ದೆಗೆ ನಿದ್ದೆಯೇ ಮದ್ದು.

1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಸಾಮಾನ್ಯವಾಗಿ ದಿನಕ್ಕೆ 8 ಗಂಟೆ ಕೆಲಸ, ಸತತ 5 ಗಂಟೆ ಆಗುವಷ್ಟರಲ್ಲಿ ಅರ್ಧ ಗಂಟೆ ವಿಶ್ರಾಂತಿ ಎನ್ನುತ್ತಿತ್ತು. ನಾವು ಮಾಡುವುದೇನು? ಒಂದು ದಿನದ ಬಾಡಿಗೆ ಉಳಿಯಲೆಂದು ರಾತ್ರಿಯೆಲ್ಲಾ ಓಡಿಸುತ್ತೇವೆ. ಅಲ್ಲಿ ಹೋದ ಮೇಲೆ ನಮಗೆ ರೂಮು. ಆತನಿಗೆ ಸೊಳ್ಳೆ, ಸೆಕೆ, ಮೈಕಿನ ಸದ್ದಿನ ನಡುವೆ ಗಾಡಿಯ ಸೀಟು. ಮರುರಾತ್ರಿ ಅದೇ ಮನುಷ್ಯನ ಕೈಗೆ ನಮ್ಮ ಮಕ್ಕಳನ್ನು ಒಪ್ಪಿಸುತ್ತೇವೆ. ಸಂಘದ ತಾಯಂದಿರೇ, ಖರ್ಚಿನ ಪಟ್ಟಿಯಲ್ಲಿ ಡ್ರೈವರ್ ಮಲಗುವ ಜಾಗದ ಹಣವನ್ನು ಮೊದಲು ಬರೆಯಿರಿ, ಹೂವು ಮೇಣದಬತ್ತಿ ಆಮೇಲೆ.

ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ದಾರಿಯ ದಿಂಬಂ ಘಾಟಿಯಲ್ಲಿ 27 ಹಿಮ್ಮುರಿ ತಿರುವುಗಳಿವೆ. 2022ರ ಫೆಬ್ರವರಿಯಿಂದ ಅಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಗೇಟು ಹಾಕುವುದರೊಳಗೆ ದಾಟೋಣ ಎಂದು ಓಡಿಸುವುದೇ ದೊಡ್ಡ ಅಪಾಯ. ಹಗಲಿನಲ್ಲೇ ಇಳಿಯುವಂತೆ ಮನೆ ಬಿಡಿ. ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿದರೆ ಎಲ್ಲಾ ಭಾರ ಬ್ರೇಕಿನ ಮೇಲೆ ಬಿದ್ದು, ಕಾದು, ಹಿಡಿತ ತಪ್ಪುತ್ತದೆ. ಸುಟ್ಟ ವಾಸನೆ ಬಂದರೆ ಅಗಲವಾದ ಕಡೆ ನಿಲ್ಲಿಸಿ ಆರಲು ಬಿಡಬೇಕು. ಕಿರಿದಾದ ಕಡೆ ಹತ್ತಿ ಬರುವವರಿಗೆ ಮೊದಲು ದಾರಿ.

ಆಸನೂರು ಸುತ್ತಿನಲ್ಲಿ ಆನೆಗಳು ಕಬ್ಬಿನ ಲಾರಿಗೆ ಕಾದು ನಿಲ್ಲುವುದುಂಟು. ದೂರದಲ್ಲೇ ನಿಲ್ಲಿಸಿ, ಹಾರನ್ ಬೇಡ, ಮೊಬೈಲ್ ಹಿಡಿದು ಇಳಿಯುವುದಂತೂ ಬೇಡವೇ ಬೇಡ. ಶೌಚಕ್ಕೆ ಕಾಡಿನಲ್ಲಿ ಇಳಿಯದಂತೆ ಚಾಮರಾಜನಗರದಲ್ಲೇ ಮುಗಿಸಿ. (ಶೌಚಾಲಯ ಸಿಗದೆಂದು ನಮ್ಮ ಹೆಣ್ಣುಮಕ್ಕಳು ದಿನವಿಡೀ ನೀರೇ ಕುಡಿಯುವುದಿಲ್ಲ, ಅದೂ ಸರಿಯಲ್ಲ.) ಗಾಡಿ ಕೆಟ್ಟರೆ ಹಿಂದೆ ಇಟ್ಟ ಕಲ್ಲುಗಳನ್ನು ಹೊರಡುವಾಗ ತೆಗೆಯಿರಿ, ಹಿಂದೆ ಬರುವ ಬೈಕಿನವನಿಗೂ ಮನೆಯಿದೆ.

ಗೂಡ್ಸ್ ಗಾಡಿಯಲ್ಲಿ ಜನ ಹೋಗಲೇಬಾರದು. ಅಪಘಾತವಾದರೆ ಅದರಲ್ಲಿ ಕೂತ ಪ್ರಯಾಣಿಕರಿಗೆ ವಿಮೆ ಅನ್ವಯವಾಗುವುದಿಲ್ಲ.

ಅಪಘಾತ ಕಂಡರೆ 108 ಅಥವಾ 112ಕ್ಕೆ, ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033ಕ್ಕೂ ಫೋನ್ ಮಾಡಿ. "ಪೊಲೀಸ್ ಕೇಸು ನಮ್ಮ ತಲೆಗೆ ಬರುತ್ತೆ" ಎಂಬ ಹೆದರಿಕೆ ಬೇಡ. ಸಹಾಯ ಮಾಡಿದವರಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ರಕ್ಷಣೆ ಕೊಟ್ಟಿದೆ. 2025ರ ಕೇಂದ್ರ ಯೋಜನೆಯಂತೆ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನ, 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಇದೆ. ಆಸ್ಪತ್ರೆಯಲ್ಲಿ ಈ ಯೋಜನೆಯನ್ನು ಹೆಸರೆತ್ತಿಯೇ ಕೇಳಿ.